ಎಂಟು ಬಾಗಿಲಿನ ಪುಸ್ತಕ

ಅರವತ್ತು ಪುಸ್ತಕಗಳ ನಾನೂರ ಎಂಬತ್ತು ಕಾಗದದ ಬಾಗಿಲುಗಳನ್ನೂ ಒಂದೊಂದಾಗಿ ತೆರೆದು ಮುಚ್ಚಿ ನೋಡದೆ ಮನೆಯಿಂದ ಹೊರಡುವುದಿಲ್ಲವೆಂದು ನಜೀಬಾ ಹಟ ಹಿಡಿದು ಕೂತಿದ್ದಳು. ಜಮಖಾನದ ಮೇಲೆ ಕಾಲು ಚಾಚಿ, ಮಡಿಲಲ್ಲಿ ಒಂದು ಪುಸ್ತಕವಿಟ್ಟುಕೊಂಡು, ತೋರುಬೆರಳನ್ನು ಪ್ರತಿ ಬಾಗಿಲಿನ ಅಂಚಿನಲ್ಲಿ ಕೊರೆದಿದ್ದ ಅರ್ಧಚಂದ್ರಕ್ಕೆ ತೂರಿಸಿ, ಎತ್ತಿ, ಬಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದಳು. ಒಲೆಯ ಬಾಗಿಲ ಹಿಂದೆ ರೊಟ್ಟಿ. ಸ್ನಾನದ ಮನೆಯ ಪರದೆಯ ಹಿಂದೆ ಬಾತುಕೋಳಿ. ಬಾವಿಯ ಮುಚ್ಚಳದ ಕೆಳಗೆ ಕಪ್ಪೆ. ಪ್ರತಿಯೊಂದರ ಪಕ್ಕದಲ್ಲೂ ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ, ಎರಡು ವರ್ಷದ ಮಗುವೂ ಬೆರಳಿನಿಂದ ತೀಡಿ ನೋಡಬಹುದಾದಷ್ಟು ದಪ್ಪದ ಒಂದು ಅಕ್ಷರ. ಜರ್ಜೂನಾದಲ್ಲಿ ಸಮುದ್ರದ ತೇವಕ್ಕೆ ಅಂಟು ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಹಿಂದಿನ ದಿನ ಒತ್ತಿಟ್ಟ ಬಾಗಿಲು ಮಾರನೆಯ ದಿನ ಕೆಳಗಿನ ಹಾಳೆಗೆ ಕಚ್ಚಿಕೊಂಡುಬಿಡುತ್ತದೆ. ಹಾಗೆ ಕಚ್ಚಿಕೊಂಡ ಒಂದೇ ಒಂದು ಬಾಗಿಲು ಯಾವುದೋ ಮಗುವಿನ ಕೈಗೆ ಹೋಗಿ, ಮಗು ಎಳೆದು, ಅದು ಬಾರದೆ... ಅಲ್ಲಿಂದ ಮುಂದೆ ಅವಳ ಯೋಚನೆ ಹೋಗುತ್ತಿರಲಿಲ್ಲ. ಬೆರಳು ಮಾತ್ರ ಹೋಗುತ್ತಿತ್ತು.

"ಬೆಳಿಗ್ಗೆಯಿಂದ ಒಂದೇ ಸಮ ಕದ ತೆಗೆಯೋದು, ಹಾಕೋದು. ಜೈಲು ಕಾಯೋನಿಗೂ ಇಷ್ಟು ಕೆಲಸ ಇರಲ್ಲ ಕಣೆ," ಎಂದಳು ಅಕ್ಕ ಸಲ್ವಾ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತು. "ಹತ್ತು ಗಂಟೆ ಬಸ್ಸು ತಪ್ಪಿದ್ರೆ ಈ ಪೆಟ್ಟಿಗೆ ಎಳ್ಕೊಂಡು ನಾನಂತೂ ಸೇತುವೆ ದಾಟಿ ಗ್ರಂಥಾಲಯಕ್ಕೆ ಬರಲ್ಲ. ಈಗ್ಲೇ ಹೇಳಿದೀನಿ."

ಸಲ್ವಾ ಹೊಲಿಗೆಯವಳು. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆಗೇ ಇದ್ದಾಳೆ. ಐನೂರು ಪ್ರತಿಗಳ ನಾಲ್ಕು ಸಾವಿರ ಬಾಗಿಲುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಟ್ಟೆಯ ಪಟ್ಟಿ ಹಚ್ಚಿ ಕೀಲು ಕೂರಿಸಿದ್ದು ಅವಳೇ. ಟ್ಯೂನಿಸ್‌ನ ಇಬ್ಬರು ಪ್ರಕಾಶಕರು, ಇಂಥ ಪುಸ್ತಕ ಕೈಯಲ್ಲಿ ಮಾಡುವಂಥದ್ದಲ್ಲ, ಬಾಗಿಲು ಬಿಟ್ಟು ಬರೀ ಚಿತ್ರ ಇರಲಿ, ಬೇಕಾದರೆ ನೋಡೋಣ ಎಂದಿದ್ದರು. ಬಾಗಿಲಿಲ್ಲದ ಪುಸ್ತಕ ನಜೀಬಾಳಿಗೆ ಬೇಕಿರಲಿಲ್ಲ. ಹಳೆಯ ಬಂದರಿನ ಹಿಂದಿನ ಗಲ್ಲಿಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಲಮ್ಜದ್ ಕೊನೆಗೆ ಒಪ್ಪಿಕೊಂಡ. ಅವನ ಹತ್ತಿರವಿದ್ದ, ಬಾಗಿಲು ಕತ್ತರಿಸುವ ಅಚ್ಚು ಎಡದಿಂದ ಓದುವ ಫ್ರೆಂಚ್ ಪುಸ್ತಕಗಳದು. ಮೊದಲ ಐವತ್ತು ಹಾಳೆಗಳಲ್ಲಿ ಬಾಗಿಲುಗಳೆಲ್ಲ ಉಲ್ಟಾ ತೆರೆದುಕೊಂಡವು. ಬಲದಿಂದ ಓದುವ ಅರಬ್ಬಿ ಪುಸ್ತಕಕ್ಕೆ ಕೀಲೂ ಬಲಕ್ಕಿರಬೇಕು, ಇಲ್ಲದಿದ್ದರೆ ಮಗುವಿನ ಕೈಯೇ ಚಿತ್ರವನ್ನು ಮರೆಮಾಡುತ್ತದೆ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಒಂದು ವಾರ ಹೋಯಿತು. ಬಾಗಿಲು ಗಟ್ಟಿಯಾಗಿ ಮುಚ್ಚಲು ಸಣ್ಣ ಅಯಸ್ಕಾಂತ ಹಾಕೋಣ, ಟಪ್ ಅಂತ ಕೂರುತ್ತದೆ, ಮಕ್ಕಳಿಗೆ ಖುಷಿ ಎಂದು ಅವನು ಹೇಳಿದಾಗ ನಜೀಬಾ ಎಷ್ಟು ಜೋರಾಗಿ "ಬೇಡ" ಎಂದಿದ್ದಳೆಂದರೆ ಪಕ್ಕದಲ್ಲಿ ಯಂತ್ರ ನಡೆಸುತ್ತಿದ್ದವನು ಕೂಡ ತಿರುಗಿ ನೋಡಿದ್ದ. ಅವಳ ಪುಸ್ತಕದ ಯಾವ ಬಾಗಿಲೂ ಪೂರ್ತಿ ಮುಚ್ಚುವುದಿಲ್ಲ. ಒಂದು ಎಳೆಯಷ್ಟು ಸಂದು ಉಳಿದೇ ಇರುತ್ತದೆ. ಕೊನೆಯ ಪುಟದಲ್ಲಿ, ಕಾಯಿದೆಯ ಪ್ರಕಾರ ಇರಬೇಕಾದ ಒಂದು ಸಾಲಿದೆ: ಲೇಖಕಿಯ ಸ್ವಂತ ಖರ್ಚಿನಲ್ಲಿ ಪ್ರಕಟಿತ. ಆ ಸಾಲನ್ನು ಓದಿದಾಗಲೆಲ್ಲ ಅವಳಿಗೆ ಅದು ಖರ್ಚಿನ ವಿಷಯ ಹೇಳುತ್ತಿಲ್ಲವೆನಿಸುತ್ತಿತ್ತು.

ಹೋದ ವಾರ ರೇಡಿಯೋದವರು ಐದು ನಿಮಿಷ ಮಾತಾಡಿಸಿದ್ದರು. ಮಕ್ಕಳ ಮನಸ್ಸನ್ನು ಒಳಹೊಕ್ಕು ಬಲ್ಲವರು, ಅದಕ್ಕಾಗಿಯೇ ಶಿಶುವಿಹಾರದ ಕೆಲಸವನ್ನೂ ಬಿಟ್ಟವರು ಎಂದು ಪರಿಚಯಿಸಿ, ಈ ಬಾಗಿಲುಗಳ ಕಲ್ಪನೆ ಹೇಗೆ ಬಂತು ಎಂದು ಕೇಳಿದಾಗ, ಅವಳ ಬಾಯಿಂದ ತಾನೇ ಹೊರಬಂದ ಮಾತು: "ನಮ್ಮಜ್ಜಿಯ ಮನೆ. ತುಂಬ ಬಾಗಿಲುಗಳಿದ್ದವು." ಮನೆಗೆ ಬಂದರೆ ಸಲ್ವಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಯಾವ ಅಜ್ಜಿ ಮಾರಾಯ್ತಿ? ನಮ್ಮಜ್ಜಿ ಮನೇಲಿದ್ದದ್ದು ಒಂದೇ ಬಾಗಿಲು, ಅದಕ್ಕೂ ಕುರ್ಚಿ ಒತ್ತಿಡ್ಬೇಕಿತ್ತು." ನಜೀಬಾಳೂ ನಕ್ಕಿದ್ದಳು. ಸುಳ್ಳು ಇಷ್ಟು ಹಗುರವಾಗಿರುತ್ತದೆ, ಜೊತೆಗೆ ನಗಲೂಬಹುದು ಎಂಬುದು ಅವಳಿಗೆ ಆಗ ಹೊಸದಾಗಿರಲಿಲ್ಲ.

ಬಸ್ಸು ಸಿಕ್ಕಿತು, ಆದರೆ ಕಾಲುವೆಯ ಎತ್ತುವ ಸೇತುವೆ ಮೇಲೆದ್ದಿತ್ತು. ಹಡಗು ಬರುತ್ತಿರಬೇಕು, ಸಾಲುಗಟ್ಟಿದ ಗಾಡಿಗಳು ಎಂಜಿನ್ ಆರಿಸಿ ನಿಂತಿದ್ದವು. ಚಾಲಕ ಇಳಿದುಹೋಗಿ ಸಿಗರೇಟು ಹಚ್ಚಿದ. ಪೆಟ್ಟಿಗೆಯನ್ನು ಕಾಲುಗಳ ನಡುವೆ ಒತ್ತಿ ಹಿಡಿದು ಕೂತಿದ್ದ ನಜೀಬಾಳ ಭುಜದ ಮೇಲೆ ಯಾರೋ ಕೈಯಿಟ್ಟರು.

"ನಜೀಬಾ ಮಿಸ್ ಅಲ್ವಾ? ನಾನು ಗುರುತು ಹಿಡಿದೆ ನೋಡಿ. ನಾನು ವಸೀಲಾ, ಇಬ್ತಿಹಾಲ್ ಅಮ್ಮ."

ಹೆಸರು ಯಾರದೆಂದು ಹೊಳೆಯುವ ಮೊದಲೇ ನಜೀಬಾ ಎದ್ದು ನಿಂತು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಾಗಿತ್ತು. ವಸೀಲಾ ಕೊಂಚ ದಪ್ಪಗಾಗಿದ್ದಳು. ಅಂಚೆ ಕಚೇರಿಯ ಕೆಲಸದವರಿಗೆ ಇರುವಂಥ ಗಟ್ಟಿ, ನೇರ ದನಿ. ಸೊಂಟದ ಮೇಲೆ ಮೂರು ವರ್ಷದ ಮಗು. ಹಿಂದಿನ ಸೀಟಿನಲ್ಲಿ, ಕಿಟಕಿಗೆ ಹಣೆ ಆನಿಸಿ ಹಡಗಿನ ದಾರಿ ನೋಡುತ್ತಿದ್ದ ಒಂಬತ್ತೂವರೆ ವರ್ಷದ ಉದ್ದನೆಯ ಹುಡುಗಿ, ಅಮ್ಮ ಕರೆದ ಮೇಲೆ ತಿರುಗಿ, "ಸಲಾಂ ಮಿಸ್," ಎಂದು ಮತ್ತೆ ಕಿಟಕಿಗೇ ಹೋದಳು. ಅದೇ ಹಣೆ. ಬಲಹುಬ್ಬಿನ ಮೇಲೆ ಅದೇ ಸುಳಿ.

"ರೇಡಿಯೋದಲ್ಲಿ ಕೇಳಿದೆ. ಗ್ರಂಥಾಲಯದಲ್ಲಿ ಓದ್ತೀರಂತೆ ಅಂತ ಈ ಮಯಾರ್‌ನ ಎತ್ಕೊಂಡು ಹೊರಟೇಬಿಟ್ಟೆ. ನಮ್ಮನೇಲಿ ಎಲ್ರಿಗೂ ಹೇಳಿದೀನಿ, ಇಬ್ತಿಹಾಲ್‌ಗೆ ಅಕ್ಷರ ಕಲಿಸಿದ್ದು ಇವ್ರೇ ಅಂತ." ವಸೀಲಾ ಪಕ್ಕದಲ್ಲಿ ಕೂತು ಮಗುವನ್ನು ತೊಡೆಗಿಳಿಸಿಕೊಂಡಳು. ಸಲ್ವಾ ಪುಸ್ತಕವೊಂದನ್ನು ತೆಗೆದು ತೋರಿಸಿದಳು. ಮಯಾರ್ ಒಲೆಯ ಬಾಗಿಲನ್ನು ಎಳೆದು, ರೊಟ್ಟಿ ಕಂಡು, ಇಡೀ ಬಸ್ಸಿಗೆ ಕೇಳುವಂತೆ ಕೂಗಿತು. "ಬಾಗಿಲು ಅಂದ್ರೆ ಎಲ್ಲಾ ಮಕ್ಕಳಿಗೂ ಇಷ್ಟ," ಎಂದಳು ವಸೀಲಾ ನಗುತ್ತ. ಆಮೇಲೆ ದನಿ ತಗ್ಗಿಸಿ, "ನಮ್ಮ ದೊಡ್ಡವಳಿಗೆ ಮಾತ್ರ ಆಗಲ್ಲ ನೋಡಿ. ಈಗ್ಲೂ ಕೋಣೆ ಬಾಗಿಲು ಹಾಕಿದ್ರೆ ಮಲಗಲ್ಲ. ಶಾಲೆಯಲ್ಲಿ ಪಾಯಿಖಾನೆಗೆ ಹೋದ್ರೂ ಗೆಳತಿನ ಹೊರಗೆ ನಿಲ್ಲಿಸಿ, ಕಾಲು ಅಡ್ಡ ಇಡು ಅಂತಾಳಂತೆ. ಡಾಕ್ಟರಿಗೂ ತೋರಿಸ್ದೆ. ಏನೋ ಹೆದರಿದೆ ಅಂದ್ರು."

"ಯಾವಾಗಿಂದ?" ಎಂದು ಕೇಳಿದ್ದು ಸಲ್ವಾ.

"ನಿಮ್ಮ ಹತ್ರ ಬರ್ತಿದ್ಲಲ್ಲ, ಆ ವರ್ಷ. ಫೆಬ್ರವರಿಯಲ್ಲಿ ನನಗೆ ಹೊಟ್ಟೆಯಲ್ಲಿದ್ದದ್ದು ಹೋಗಿ ಹನ್ನೆರಡು ದಿನ ಆಸ್ಪತ್ರೇಲಿದ್ದೆ. ರಾಸ್ ಜಬಲ್ ಊರಿಂದ ನಮ್ಮತ್ತೆ ಬಂದು ನೋಡ್ಕೊಂಡ್ಲು. ನಾನು ಬರೋಷ್ಟರಲ್ಲಿ ಮಗು ಹೀಗಾಗಿತ್ತು. ಹಾಸಿಗೇಲಿ ಉಚ್ಚೆ, ಬಾಗಿಲು ಕಂಡ್ರೆ ಚೀರಾಟ. ಅತ್ತೆನ ಕೇಳಿದ್ರೆ ತಲೆ ತಗ್ಗಿಸ್ತಾಳೆಯೇ ವಿನಾ ಬಾಯಿ ಬಿಡಲ್ಲ. ಏನೂ ಮಾಡಿಲ್ಲ ಅಂತಾದ್ರೆ ಹೇಳಬಹುದಿತ್ತಲ್ಲ? ಅವತ್ತಿಂದ ಅವಳ ಮುಖ ನೋಡಿಲ್ಲ ನಾನು, ಮಕ್ಕಳನ್ನೂ ಕಳಿಸಿಲ್ಲ. ಗಂಡ ಒಬ್ಬನೇ ಹೋಗಿ ಬರ್ತಾನೆ."

ಹೊರಗೆ ಹಡಗಿನ ಬಿಳಿಯ ಮೈ ಕಾಲುವೆ ತುಂಬ ನಿಧಾನ ಸರಿಯತೊಡಗಿತ್ತು. ನಜೀಬಾ ಏನಾದರೂ ಹೇಳಬೇಕಿತ್ತು. "ಅಯ್ಯೋ," ಎಂದಳು. ಆ ಮುದುಕಿ ಅವಳಿಗೆ ಚೆನ್ನಾಗಿ ನೆನಪಿದ್ದಳು. ಬಿಳಿಯ ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಶಿಶುವಿಹಾರದ ಗೇಟಿನಲ್ಲಿ ನಿಂತವಳು, ಒದ್ದೆ ಬಟ್ಟೆಯ ಚೀಲವನ್ನು ಕೈಗೆ ತೆಗೆದುಕೊಂಡು, ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು ಕೊಟ್ಟಿದ್ದಳು: ನಮ್ಮ ಮರದ್ದು, ತಗೋ ಮಗಳೇ. ಅದು ಮಂಗಳವಾರ. ಬೆಳಿಗ್ಗೆಯೇ ಮುಖ್ಯಸ್ಥೆ ಹರಿದ ಪುಸ್ತಕಗಳ ಸಲುವಾಗಿ ಎಲ್ಲರೆದುರು ನಜೀಬಾಳ ಮೇಲೆ ಕೂಗಾಡಿದ್ದಳು. ಇಪ್ಪತ್ತಮೂರು ಮಕ್ಕಳನ್ನು ಕಾಯಲಾಗದವಳು ಮನೆಯಲ್ಲಿ ಬಟಾಣಿ ಸುಲಿಯಲಿ ಎಂದಿದ್ದಳು. ಅರ್ಧ ಗಂಟೆಯೊಳಗೆ ಇಬ್ತಿಹಾಲ್, ನಾಲ್ಕೂವರೆ ವರ್ಷದವಳು, ದೊಡ್ಡ ಫ್ರೆಂಚ್ ಪುಸ್ತಕದಲ್ಲಿ ಆನೆಯ ಕಿವಿಯನ್ನು ಎತ್ತಿ ನೋಡಲು ಹೋಗಿ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಳು. ಕಿತ್ತದ್ದಕ್ಕಲ್ಲ, ಕಿತ್ತು, ತಲೆಯೆತ್ತಿ, ಇದರೊಳಗೆ ಏನೂ ಇಲ್ಲವಲ್ಲ ಎಂಬಂತೆ ನೋಡಿದಳಲ್ಲ, ಅದಕ್ಕೆ ಸಿಟ್ಟು ಬಂತು. ನಜೀಬಾ ಅವಳ ತೋಳು ಹಿಡಿದು, ಮಧ್ಯಾಹ್ನದ ನಿದ್ದೆಯ ಚಾಪೆಗಳನ್ನಿಡುವ ಕೋಣೆಗೆ ಒಯ್ದು, ಐದು ನಿಮಿಷ ಎಂದು ಹೇಳಿ ಬಾಗಿಲೆಳೆದುಕೊಂಡಳು. ಸ್ವಿಚ್ಚು ಹೊರಗಿತ್ತು. ಅದರ ಮೇಲೆ ತನ್ನ ಬೆರಳಿದ್ದದ್ದು ನೆನಪಿದೆ, ಒತ್ತಿದ್ದು ಮೇಲಕ್ಕೋ ಕೆಳಕ್ಕೋ ನೆನಪಿಲ್ಲ ಎಂದು ಅವಳು ಐದು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಅಷ್ಟರಲ್ಲಿ ಯಾರದೋ ತಾಯಿ ಹುಟ್ಟುಹಬ್ಬದ ಕೇಕು ತಂದಳು. ಹಾಡು, ಚಪ್ಪಾಳೆ, ಮೇಣದ ಬತ್ತಿ ಆರಿಸಿದ್ದು ಸಾಲದೆಂದು ಇನ್ನೊಮ್ಮೆ ಹಚ್ಚಿ ಆರಿಸಿದ್ದು. ಇಪ್ಪತ್ತಮೂರು ತುಂಡು ಕತ್ತರಿಸಿ ಹಂಚಿದ ಮೇಲೆ ಕಾಗದದ ತಟ್ಟೆಯಲ್ಲಿ ಒಂದು ತುಂಡು ಉಳಿಯಿತು. ಇವತ್ತು ಯಾರು ಬಂದಿಲ್ಲ ಎಂದು ಅವಳು ನಿಜಕ್ಕೂ ಯೋಚಿಸಿದಳು. ಬೆರಳಿಗಂಟಿದ ಕೆನೆಯನ್ನು ನೆಕ್ಕುತ್ತ ಯೋಚಿಸಿದಳು. ಗಡಿಯಾರ ನಲವತ್ತು ನಿಮಿಷ ಮುಂದೆ ಹೋಗಿತ್ತು. ಬಾಗಿಲು ತೆರೆದಾಗ ಮಗು ಸುತ್ತಿಟ್ಟ ಚಾಪೆಗಳ ಮೇಲೆ ನೆಟ್ಟಗೆ ಕೂತಿತ್ತು. ಅಳುತ್ತಿರಲಿಲ್ಲ. ಚಾಪೆ ತೊಯ್ದಿತ್ತು. "ನಾನು ಸದ್ದು ಮಾಡ್ಲಿಲ್ಲ ಮಿಸ್," ಎಂದಿತು.

ಸೇತುವೆ ಇಳಿಯಿತು. ಬಸ್ಸು ಹೊರಟಿತು. ವಸೀಲಾ ಮಯಾರ್‌ಗೆ ಕಪ್ಪೆಯನ್ನು ತೋರಿಸುತ್ತಿದ್ದಳು.

ಎಲ್ಲರೂ ಗೌರವದಿಂದ ಸೀ ಬಶೀರ್ ಎನ್ನುತ್ತಿದ್ದ ಗ್ರಂಥಪಾಲಕ, ನಿವೃತ್ತಿಯ ಹೊಸ್ತಿಲಲ್ಲಿದ್ದ ಮೃದು ಮನುಷ್ಯ, ಮಕ್ಕಳ ಕೋಣೆಯಲ್ಲಿ ಚಾಪೆ ಹಾಸಿಸಿದ್ದ. ಚಾಪೆಯ ವಾಸನೆಗೆ ನಜೀಬಾ ಒಂದು ಗಳಿಗೆ ಬಾಗಿಲಲ್ಲೇ ನಿಂತಳು. "ಬನ್ನಿ ಬನ್ನಿ, ಕಟ್ಟಾಳುಗಳೆಲ್ಲ ಕಾಯ್ತಿದಾರೆ," ಎಂದ ಅವನು, ಸುತ್ತಲಿನ ಮೂವತ್ತು ಮಕ್ಕಳ ಗದ್ದಲದಲ್ಲಿ. ಅವಳು ಓದಿದಳು. ವಿಚಿತ್ರವೆಂದರೆ ಚೆನ್ನಾಗಿ ಓದಿದಳು. ಎಲ್ಲಿ ನಿಲ್ಲಬೇಕು, ಎಲ್ಲಿ ಪಿಸುಗುಟ್ಟಬೇಕು, ಯಾವ ಮಗುವಿನ ಕಣ್ಣನ್ನು ನೋಡಿ ಬಾಗಿಲು ತಟ್ಟಬೇಕು ಎಲ್ಲವೂ ನಾಲಗೆಗೂ ಕೈಗೂ ಗೊತ್ತಿತ್ತು. ಹನ್ನೊಂದು ವರ್ಷದ ಕೆಲಸ ಕೈಯಲ್ಲಿ ಕೂತಿತ್ತು, ಅವಳು ಎಂಥವಳೆಂದು ಕೈ ವಿಚಾರಿಸುತ್ತಿರಲಿಲ್ಲ. ಒಬ್ಬ ಒಳ್ಳೆಯ ಟೀಚರ್ ಹೀಗೇ ಇರುತ್ತಾಳೆ ಎಂದು ಯಾರಾದರೂ ಹೇಳುವಂತಿತ್ತು. ನಾನು ಒಳ್ಳೆಯ ಟೀಚರೇ ಆಗಿದ್ದೆ ಎಂಬುದು ಅವಳ ಮನಸ್ಸಿನಲ್ಲಿ ಎದ್ದು, ಅದೇ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು. ತಾನು ಕೆಟ್ಟವಳಾಗಿದ್ದರೆ, ದಿನವೂ ಯಾರನ್ನಾದರೂ ಕೂಡಿಹಾಕುವವಳಾಗಿದ್ದರೆ, ಆ ಮಗು ಬಹುಶಃ ಮನೆಗೆ ಹೋಗಿ ಹೇಳಿಬಿಡುತ್ತಿತ್ತು.

ಓದು ಮುಗಿದು ಮಕ್ಕಳ ಕೈಗೆ ಪುಸ್ತಕ ಕೊಟ್ಟಾಗ ಅವಳು ಇಬ್ತಿಹಾಲ್‌ಳನ್ನೇ ನೋಡುತ್ತಿದ್ದಳು. ದೊಡ್ಡವಳೆಂದು ಹಿಂದೆ ಗೋಡೆಗೊರಗಿ ಕೂತಿದ್ದ ಹುಡುಗಿ ತಂಗಿಯ ಪುಸ್ತಕವನ್ನು ತಾನು ತೆಗೆದುಕೊಂಡು, ಮೊದಲಿಂದ ಕೊನೆಯವರೆಗೂ ಪ್ರತಿ ಬಾಗಿಲನ್ನೂ ತೆರೆದಳು. ತೆರೆದು, ಕೀಲಿನ ಆಚೆಗೆ ಬೆರಳಿನಿಂದ ಒತ್ತಿ ಮಡಚಿದಳು. ಒಳಗಿನ ಚಿತ್ರವನ್ನು ನೋಡಲಿಲ್ಲ. ಮಯಾರ್ ಒಂದನ್ನು ಮುಚ್ಚಿದರೆ ಮತ್ತೆ ತೆರೆದು ಇನ್ನೂ ಗಟ್ಟಿಯಾಗಿ ಒತ್ತಿದಳು. ಎಂಟು ಬಾಗಿಲೂ ತೆರೆದ ಪುಸ್ತಕ ಮುಚ್ಚಲಾರದೆ ಊದಿಕೊಂಡು ಅವಳ ಮಂಡಿಯ ಮೇಲಿತ್ತು. ಪಕ್ಕದ ಸಾಲಿನಿಂದ ಸಲ್ವಾ, "ಏ ಪುಟ್ಟಿ, ಮುರೀಬೇಡ್ವೇ, ನನ್ನ ಸೊಂಟ ಬಿದ್ದೋಗಿದೆ ಅದನ್ನ ಅಂಟಿಸಿ," ಎಂದಳು. ನಜೀಬಾ, "ಬಿಡು," ಎಂದಳು.

ಹೊರಗೆ ಅಂಗಳದಲ್ಲಿ ನಲ್ಲಿಯ ಹತ್ತಿರ ಮಕ್ಕಳು ಕೈ ತೊಳೆಯುತ್ತಿದ್ದರು. ಸೀ ಬಶೀರ್ ಎಲ್ಲರಿಗೂ ಕಿತ್ತಳೆ ಹಂಚುತ್ತಿದ್ದ. ಹಿಪ್ಪುನೇರಳೆ ಮರದ ಕೆಳಗಿನ ಕಲ್ಲಿನ ಮೇಲೆ ವಸೀಲಾ ಒಬ್ಬಳೇ ಕೂತಿದ್ದು ಕಂಡು ನಜೀಬಾ ಹೋಗಿ ಎದುರು ನಿಂತಳು. ಹೇಗೆ ಶುರು ಮಾಡುವುದೆಂದು ಬಸ್ಸಿಳಿದಲ್ಲಿಂದ ಹೊಂದಿಸಿಟ್ಟ ಮಾತುಗಳೆಲ್ಲ ತನ್ನ ಪರವಾಗಿಯೇ ಇದ್ದವು. ಅವತ್ತು ನನಗೆ ತುಂಬ ಒತ್ತಡವಿತ್ತು. ಇಪ್ಪತ್ತಮೂರು ಮಕ್ಕಳಿದ್ದರು.

"ನಿಮ್ಮತ್ತೆ ಏನೂ ಮಾಡಿಲ್ಲ," ಎಂದಳು.

"ಪಾಪ, ನಿಮ್ಮ ಒಳ್ಳೆ ಮನಸ್ಸು," ಎಂದಳು ವಸೀಲಾ. "ನನ್ನ ಗಂಡನೂ ಹಾಗೇ ಅಂತಾನೆ. ನೀವು ಅವಳ ಜೊತೆ ಇದ್ದು ನೋಡಿಲ್ಲ."

"ಇಲ್ಲ. ಮಾಡಿದ್ದು ನಾನು. ಚಾಪೆ ಕೋಣೇಲಿ ಕೂಡಿಹಾಕಿದ್ದೆ. ಐದು ನಿಮಿಷ ಅಂದಿದ್ದೆ. ಮರೆತುಬಿಟ್ಟೆ. ನಲವತ್ತು ನಿಮಿಷ."

ವಸೀಲಾ ಅರ್ಥವಾಗದವಳಂತೆ ಅವಳ ಮುಖ ನೋಡಿದಳು. ತುಟಿಯ ಮೇಲಿನ ನಗು ಇಳಿಯುವುದು ಮರೆತು ಅಲ್ಲೇ ಉಳಿದಿತ್ತು. "ಯಾರನ್ನ?" ಎಂದಳು. ಆಮೇಲೆ, "ದೀಪ ಇತ್ತಾ?"

"ನೆನಪಿಲ್ಲ." ನಜೀಬಾ ಉಸಿರೆಳೆದುಕೊಂಡಳು. "ನೆನಪಿದೆ. ಆರಿಸಿದ್ದೆ."

ವಸೀಲಾ ಏಳಲಿಲ್ಲ, ಕೂಗಲೂ ಇಲ್ಲ. ಅಂಚೆ ಕಚೇರಿಯ ಕಿಟಕಿಯಲ್ಲಿ ಹೆಸರು ಕರೆಯುವಂತೆ ಸಮದನಿಯಲ್ಲಿ, "ಇಬ್ತಿಹಾಲ್, ಬಾ ಇಲ್ಲಿ," ಎಂದಳು. ಹುಡುಗಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸುತ್ತ ಬಂದಳು. ಅವಳ ಹಿಂದೆಯೇ ಸಲ್ವಾ, ಮಯಾರ್‌ಳ ಕೈ ಹಿಡಿದು. "ಇವ್ರು ನಿನ್ನ ಚಾಪೆ ಕೋಣೇಲಿ ಕೂಡಿಹಾಕಿದ್ರಾ?" ಎಂದು ವಸೀಲಾ ಕೇಳಿದಳು.

ಹುಡುಗಿ ಒಮ್ಮೆ ನಜೀಬಾಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಗುಟ್ಟನ್ನು ಇಬ್ಬರೂ ಕಾಯಬೇಕಿತ್ತು, ನೀವೇ ಬಿಟ್ಟುಕೊಟ್ಟಿರಿ ಎಂಬಂಥ ಬೆರಗಿತ್ತು. "ಹೂಂ," ಎಂದಳು. "ನಾನು ಬಡಿದೆ. ತುಂಬಾ ಹೊತ್ತು ಬಡಿದೆ. ಹೊರಗಡೆಯಿಂದ ಹುಟ್ಟುಹಬ್ಬದ ಹಾಡು ಕೇಳ್ತಿತ್ತು. ಆಮೇಲೆ ಬಡಿದಷ್ಟೂ ಜಾಸ್ತಿ ಹೊತ್ತು ಇಡ್ತಾರೇನೋ ಅನ್ಕೊಂಡು ಸುಮ್ಮನಾದೆ."

ಐದು ವರ್ಷ ನಜೀಬಾ ಆ ಕೋಣೆಯೊಳಗೆ ನಲವತ್ತು ನಿಮಿಷ ಮಿಸುಕದೆ ಕೂತಿದ್ದ ಒಂದು ಮಗುವನ್ನು ಹೊತ್ತು ತಿರುಗಿದ್ದಳು. ಆ ಮಗು ಇರಲೇ ಇಲ್ಲ. ಬಾಗಿಲು ಬಡಿದಿತ್ತು, ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಕೇಳಿಸಿತ್ತೇ? ಕೇಳಿಸಿಯೂ ಪಕ್ಕದ ತರಗತಿಯ ಸದ್ದೆಂದುಕೊಂಡಳೇ? ತನ್ನ ಪಶ್ಚಾತ್ತಾಪಕ್ಕೆ ಕೂಡ ತಾನು ಒಂದು ಸೌಮ್ಯವಾದ ಮಗುವನ್ನು ಆರಿಸಿಕೊಂಡಿದ್ದೆನೆಂದು ಅವಳಿಗೆ ಹೊಳೆಯಿತು.

"ನಂಗ್ಯಾಕೆ ಹೇಳ್ಲಿಲ್ಲ?" ವಸೀಲಾಳ ದನಿ ಈಗ ಒಡೆಯಿತು. "ಅಜ್ಜಿ ಅಲ್ಲ ಅಂತ ಹೇಳಬಾರದಿತ್ತಾ?"

"ನೀನು ನನ್ನ ಕೇಳ್ಲಿಲ್ಲ. ಅಜ್ಜಿನ ಕೇಳ್ದೆ."

"ಅಜ್ಜಿಗೆ ಗೊತ್ತಿತ್ತಾ?"

"ಒದ್ದೆ ಮಾಡ್ಕೊಂಡಿದ್ದು ಮಾತ್ರ. ಯಾರಿಗೂ ಹೇಳಬೇಡ ಅಂದೆ. ಅಜ್ಜಿ ಆಣೆ ಇಟ್ಲು."

ಕಿತ್ತಳೆ ಸಿಪ್ಪೆಯ ವಾಸನೆ. ಸಲ್ವಾ ತಂಗಿಯನ್ನು ಮೊದಲ ಸಲ ನೋಡುತ್ತಿರುವಂತೆ ನೋಡುತ್ತಿದ್ದಳು. "ನಂಗಾದ್ರೂ ಹೇಳ್ಬಾರ್ದಿತ್ತೇನೆ?" ಎಂದಳು ಕೊನೆಗೆ, ಬಹಳ ಮೆಲ್ಲಗೆ. ಅಂಟು ಮೆತ್ತಿ ಒರಟಾದ ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ, "ನಾನು ಸುಮ್ನೆ ಪುಸ್ತಕ ಮಾಡ್ತಿದೀವಿ ಅನ್ಕೊಂಡಿದ್ದೆ," ಎಂದಳು. ಪುಸ್ತಕವನ್ನು ನಜೀಬಾ ಸುಮ್ಮನೆ ಮಾಡಿರಲಿಲ್ಲ, ಪ್ರಾಯಶ್ಚಿತ್ತವಾಗಿಯೂ ಮಾಡಿರಲಿಲ್ಲ. ಎಷ್ಟೋ ದಿನ ಕಪ್ಪೆಯ ಕಣ್ಣು ಸರಿಯಾಗಿ ಕೂತಿತೆಂದು, ಅಕ್ಷರದ ಬಳುಕು ಬೆರಳಿಗೆ ಹಿತವಾಗಿದೆಯೆಂದು ಅವಳು ಬರಿದೇ ಸಂತೋಷಪಟ್ಟಿದ್ದಳು. ಆ ಸಂತೋಷವನ್ನು ಯಾರಿಗೆ ಹೇಗೆ ಹೇಳುವುದು?

ವಸೀಲಾ ಎದ್ದು ಚೀಲ ಹೆಗಲಿಗೇರಿಸಿದಳು. "ನಡೀರಿ," ಎಂದಳು. "ರಾಸ್ ಜಬಲ್‌ಗೆ. ಈಗ್ಲೇ. ನಾನು ಹೋಗಿ ಏನಂತ ಹೇಳ್ಲಿ? ನೀವೇ ಹೇಳ್ಬೇಕು."

ಬಾಡಿಗೆ ವ್ಯಾನಿನಲ್ಲಿ ಎಂಟು ಜನ ತುಂಬುವವರೆಗೆ ಕಾದರು. ವಸೀಲಾ ಮಕ್ಕಳೊಂದಿಗೆ ಮುಂದಿನ ಸಾಲಿನಲ್ಲಿ ಕೂತಳು. ನಜೀಬಾ ಹಿಂದೆ, ಆಲೂಗೆಡ್ಡೆ ಮೂಟೆಯ ಪಕ್ಕದಲ್ಲಿ. ಸಲ್ವಾ ಬರಲಿಲ್ಲ. ಪುಸ್ತಕ ಕೇಳುವವರು ಇನ್ನೂ ಇದ್ದಾರೆ, ನಾನು ನೋಡ್ಕೋತೀನಿ, ನೀನು ಹೋಗು ಎಂದಿದ್ದಳು. ಆ ಮಾತಿನಲ್ಲಿ ಕ್ಷಮೆ ಇತ್ತೋ, ಮುಖ ತಪ್ಪಿಸುವ ಆತುರವಿತ್ತೋ ತಿಳಿಯಲಿಲ್ಲ. ದಾರಿಯಲ್ಲಿ ಒಬ್ಬ ಮುದುಕ ನಜೀಬಾಳನ್ನು ಗುರುತು ಹಿಡಿದು, "ರೇಡಿಯೋದಲ್ಲಿ ಬಂದಿದ್ರಲ್ಲ, ಮಕ್ಕಳ ಪುಸ್ತಕದವರು?" ಎಂದು ಕೇಳಿದ. ಮುಂದಿನ ಸಾಲಿನಲ್ಲಿ ವಸೀಲಾಳ ಕುತ್ತಿಗೆ ಬಿಗಿಯಾದದ್ದು ಕಂಡಿತು. "ಅಲ್ಲ," ಎಂದಳು ನಜೀಬಾ. ಒಂದು ಕ್ಷಣದ ನಂತರ, "ಹೌದು, ನಾನೇ," ಎಂದಳು. ಮುದುಕ ಗೊಂದಲಗೊಂಡು ಕಿಟಕಿಯ ಕಡೆ ತಿರುಗಿದ.

ವಸೀಲಾಳ ಅತ್ತೆ ಉಮ್ಮಿ ಮಬ್ರೂಕಾಳ ಮನೆ ಹೊಲಗಳ ಅಂಚಿನಲ್ಲಿತ್ತು. ಅಂಗಳದ ತಟ್ಟಿ ಮುಚ್ಚಿರಲಿಲ್ಲ. ಒಲೆಯ ಮುಂದೆ ಕೂತು ಮೆಣಸಿನಕಾಯಿ ಸುಡುತ್ತಿದ್ದ ಮುದುಕಿ ಹೊಗೆಯೊಳಗಿಂದ ತಲೆಯೆತ್ತಿ, ಮೊದಲು ಸೊಸೆಯನ್ನು, ಆಮೇಲೆ ತಾನು ಎಂದೂ ಎತ್ತಿಕೊಳ್ಳದ ಮಯಾರ್‌ಳನ್ನು, ಕೊನೆಗೆ ಇಬ್ತಿಹಾಲ್‌ಳನ್ನು ನೋಡಿದಳು. "ನನ್ನ ಮಗನಿಗೇನಾಯ್ತು?" ಎಂದಳು. ಐದು ವರ್ಷದ ನಂತರ ಸೊಸೆ ಬಂದಳೆಂದರೆ ಸಾವಿನ ಸುದ್ದಿಯೇ ಇರಬೇಕು.

"ಏನೂ ಆಗಿಲ್ಲ ಉಮ್ಮಿ," ಎಂದ ವಸೀಲಾ ನಜೀಬಾಳನ್ನು ಮುಂದಕ್ಕೆ ದೂಡಿದಳು. ನಿಜವಾಗಿಯೂ ದೂಡಿದಳು, ಬೆನ್ನಿನ ಮೇಲೆ ಅಂಗೈ ಬಿತ್ತು.

ನಜೀಬಾ ನಿಂತೇ ಹೇಳಿದಳು. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಮುದುಕಿ ಇಕ್ಕಳದಿಂದ ಮೆಣಸಿನಕಾಯಿ ತಿರುವುತ್ತಲೇ ಕೇಳಿಸಿಕೊಂಡಳು. ಮುಗಿದ ಮೇಲೆ ಇಕ್ಕಳವನ್ನು ಕೆಳಗಿಟ್ಟಳು.

"ನೀರು ಚೆಲ್ಲಿಕೊಂಡ್ಲು ಅಂದಿದ್ದೆ ನೀನು," ಎಂದಳು. "ಐದು ಮಕ್ಕಳನ್ನ ಬೆಳೆಸಿದೋಳು ನಾನು. ನೀರು ಯಾವುದು, ಉಚ್ಚೆ ಯಾವುದು ನಂಗೆ ಗೊತ್ತಾಗಲ್ವಾ? ಆದ್ರೆ ಮಗೂಗೆ ನಾಚಿಕೆ ಆಗಬಾರ್ದು ಅಂತ ಮುಚ್ಚಿಡ್ತಿದೀಯ ಅನ್ಕೊಂಡೆ. ಎಷ್ಟು ಒಳ್ಳೆ ಹುಡುಗಿ, ಪಾಪ, ಅನ್ಕೊಂಡೆ. ನಿಂಬೆಹಣ್ಣು ಕೊಟ್ಟೆ."

ನಜೀಬಾ ತಲೆಯೆತ್ತಲಿಲ್ಲ. ಇದಕ್ಕಿಂತ ಮುದುಕಿ ಇಕ್ಕಳದಿಂದ ಹೊಡೆದಿದ್ದರೆ ಒಳ್ಳೆಯದಿತ್ತು ಎನಿಸಿತು.

"ನೀನು ಯಾಕೆ ಏನೂ ಅನ್ಲಿಲ್ಲ ಉಮ್ಮಿ?" ವಸೀಲಾ ನೆಲಕ್ಕೆ ಕುಸಿದು ಕೂತಿದ್ದಳು. "ನಾನು ಅಷ್ಟೆಲ್ಲ ಬೈದೆ. ಒಂದ್ಸಲ ನಾನಲ್ಲ ಅನ್ನಬಾರ್ದಿತ್ತಾ?"

"ನಿಜ ಹೇಳ್ಬೇಕಂದ್ರೆ ನಂಗೇ ಗೊತ್ತಿರ್ಲಿಲ್ಲ ಕಣೆ." ಮುದುಕಿ ಮೊದಲ ಸಲ ಸೊಸೆಯ ಮುಖವನ್ನು ನೇರ ನೋಡಿದಳು. "ಒಂದಿನ ಊಟ ಮಾಡಲ್ಲ ಅಂದಾಗ, ಬಾವಿಗೆ ಹಾಕ್ತೀನಿ ನೋಡು ಅಂತ ಹೆದರಿಸಿದ್ದೆ. ತಮಾಷೆಗೆ. ಇನ್ನೊಂದಿನ ನಮಾಜ್ ಮಾಡುವಾಗ ಅಳ್ತಿದ್ಲು, ಮುಗಿಯೋವರೆಗೂ ಏಳ್ಲಿಲ್ಲ. ಇವೆರಡರಲ್ಲಿ ಯಾವುದೋ ಒಂದಿರಬೇಕು ಅಂತ ಐದು ವರ್ಷ ಯೋಚನೆ ಮಾಡ್ದೆ. ನಂಗೆ ಬಾವಿದೇ ಅನ್ನಿಸ್ತಿತ್ತು."

ವಸೀಲಾ ಮುಖ ಮುಚ್ಚಿಕೊಂಡಳು. ಮುದುಕಿ ಅವಳ ತಲೆಯ ಮೇಲೆ ಕೈಯಿಡಲಿಲ್ಲ, ದೂರವೂ ಸರಿಯಲಿಲ್ಲ. ಸುಟ್ಟ ಮೆಣಸಿನಕಾಯಿ, ಟೊಮೇಟೊ, ಬೆಳ್ಳುಳ್ಳಿಯನ್ನು ಒರಳಿಗೆ ಹಾಕಿ ಕುಟ್ಟಿ, ಆಲಿವ್ ಎಣ್ಣೆ ಸುರಿದು, ರೊಟ್ಟಿ ಮುರಿದು ತಟ್ಟೆಗಳಿಗೆ ಹಾಕಿದಳು. ಒಂದು ತಟ್ಟೆಯನ್ನು ತಂದು ನಜೀಬಾಳ ಕೈಗೆ ಕೊಟ್ಟಳು.

"ನಂಗೆ ಬೇಡ ಉಮ್ಮಿ. ನಾನು ಹೊರಡ್ತೀನಿ."

"ಕೂತ್ಕೊ. ತಿನ್ನು. ನನ್ನ ಮನೆಗೆ ಬಂದೋಳು ಹಸಿದು ಹೋಗಬಾರ್ದು, ಅಷ್ಟಕ್ಕೇ ಕೊಟ್ಟಿದ್ದು. ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಅದನ್ನ ಆಮೇಲೆ ನೋಡೋಣ. ಇಲ್ಲ ನೋಡದೇನೂ ಇರಬಹುದು."

ನಜೀಬಾ ಗೋಡೆಯ ಬುಡದಲ್ಲಿ ಕೂತು ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅದು ಖಾರದ್ದೇ ಎಂದು ಯಾರೂ ನಂಬದಿರಲಿ ಎಂದು ಅವಳು ಬಯಸಿದಳು, ಬಯಸಿದ್ದಕ್ಕೆ ನಾಚಿದಳು. ಮುದುಕಿ ಒಳಗಿನ ಕೋಣೆಯಲ್ಲಿ ಮಣೆ ಹಾಕಿ, "ಬಾರೇ ಇಬ್ತಿಹಾಲ್, ಬಿಸಿಲಲ್ಲಿ ಕೂರಬೇಡ, ಒಳಗೆ ಬಾ," ಎಂದು ಕರೆದಳು. ಹುಡುಗಿ ಎರಡು ಹೆಜ್ಜೆ ಇಟ್ಟು ಹೊಸ್ತಿಲ ಹತ್ತಿರ ನಿಂತಳು. ಒಳಗೆ ಕತ್ತಲಿತ್ತು. ಗಾಳಿಗೆ ಕದ ಅಲುಗುತ್ತಿತ್ತು. ತಟ್ಟೆ ಹಿಡಿದು, ಒಂದು ಭುಜವನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ಹೊಸ್ತಿಲ ಮೇಲೇ ಕೂತುಬಿಟ್ಟಳು.

ವಸೀಲಾ ಏನೋ ಹೇಳಲು ಬಾಯಿ ತೆರೆದಳು. ಮುದುಕಿ ಕೈಯೆತ್ತಿ ತಡೆದಳು. ಒಳಗೆ ಹಾಕಿದ ಮಣೆಯನ್ನು ಬಗ್ಗಿ ಎತ್ತಿಕೊಂಡು, ಸೆಟೆದ ಮಂಡಿಯ ಮೇಲೆ ಒಂದು ಕೈಯೂರಿ, ನರಳುತ್ತ, ಮೂರು ಸಲ ನಿಂತು, ಅದನ್ನು ಹೊಸ್ತಿಲವರೆಗೂ ತಂದಳು. ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು, ಮೊಮ್ಮಗಳ ಪಕ್ಕದಲ್ಲಿ ಕೂತಳು. ಕಾಲನ್ನು ಕದಕ್ಕೆ ಅಡ್ಡ ಚಾಚಿದಳು.

"ಎಷ್ಟನೇ ಕ್ಲಾಸು ಈಗ?" ಎಂದು ಕೇಳಿದಳು.